ನೀರು ಕುಡಿಯುವ ಲಾರಿ

ನಮ್ಮ ಚಿಕ್ಕಪ್ಪನಿಗೆ ಮೂರು ಮಕ್ಕಳು: ಎರಡು ಹೆಣ್ಣು, ಒಂದು ಲಾರಿ. ಹೆಣ್ಣುಮಕ್ಕಳಿಗೆ ಜ್ವರ ಬಂದರೆ ಚಿಕ್ಕಮ್ಮ ಕಷಾಯ ಕಾಸಿ ಕುಡಿಸಿ, ಕಂಬಳಿ ಹೊದಿಸಿ ಮಲಗಿಸುತ್ತಿದ್ದಳು. ಸುದ್ದಿ ಚಿಕ್ಕಪ್ಪನಿಗೆ ಮುಟ್ಟುವಷ್ಟರಲ್ಲಿ ಜ್ವರ ಬಿಟ್ಟು ಅವು ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿರುತ್ತಿದ್ದವು. ಲಾರಿಗೆ ಜ್ವರ ಬಂದರೆ ಮಾತ್ರ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ಉಣ್ಣುವಂತಿರಲಿಲ್ಲ. ಚಿಕ್ಕಪ್ಪ ತಟ್ಟೆಯ ಮುಂದೆ ಕೂತು, ಅನ್ನಕ್ಕೆ ಸಾರು ಹಾಕಿಸಿಕೊಂಡು, ಕಲಸುವುದನ್ನು ಮರೆತು, "ಅಲ್ಲ, ಆ ನೀರು ಹೋಗೋದಾದ್ರೂ ಎಲ್ಲಿಗೆ?" ಎಂದು ಸಾರನ್ನೇ ಕೇಳುತ್ತಿದ್ದ.

ನಾನು ಸಕಲೇಶಪುರದ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವನು. ಸ್ಪ್ಯಾನರಿನ ಯಾವ ತುದಿ ಹಿಡಿಯಬೇಕೆಂಬುದೂ ಗೊತ್ತಿರಲಿಲ್ಲ. ಆದರೆ ಲಾರಿಯ ಸಾಲಕ್ಕೆ ಜಾಮೀನು ಹಾಕಿದವನು ನಾನೇ ಆದ್ದರಿಂದ ಅದರ ರೇಡಿಯೇಟರಿಗೂ ನನ್ನ ಸಂಬಳಕ್ಕೂ ಒಂದು ಪೈಪು ಎಳೆದಂತಾಗಿತ್ತು. ಅಲ್ಲಿ ನೀರು ಇಳಿದರೆ ಇಲ್ಲಿ ನನಗೆ ಬಾಯಾರುತ್ತಿತ್ತು. ಯಾವ ಕಂಪನಿಯ ಲಾರಿ ಎಂದು ಹೇಳುವುದು ಬೇಡ. ಅದು ನಮ್ಮ ಕೈಗೆ ಬರುವಾಗಲೇ ಎರಡು ಮನೆಯ ಸಂಸಾರ ಮಾಡಿ ಮುಗಿಸಿತ್ತು. ಹೆತ್ತವರನ್ನು ದೂರಿ ಫಲವಿಲ್ಲ. ತೊಂಬತ್ತರ ದಶಕದ ಕೊನೆಯ ಮಾತು ಇದು. ಹೋಗುವಾಗ ಕಾಫಿ ಹೇರಿಕೊಂಡು ಮಂಗಳೂರಿಗೆ, ಬರುವಾಗ ಅಲ್ಲಿಂದ ಹಂಚು. ಇದು ಅದರ ದಿನಚರಿ.

ಈ ಹಂಚಿಗೂ ಒಂದು ಚರಿತ್ರೆ ಇದೆ. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್‌ಸ್ಟ್ ಎಂಬಾತ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆಗೆದ. ಆಮೇಲೆ ಮಲೆನಾಡಿನ ಹುಲ್ಲುಮಾಡುಗಳು ಒಂದೊಂದಾಗಿ ಕೆಂಪಾದವು. ಆ ಪುಣ್ಯಾತ್ಮನಿಗೆ ತೂಕದ ವಿಷಯದಲ್ಲಿ ಯಾರಾದರೂ ಒಂದು ಮಾತು ಹೇಳಬೇಕಿತ್ತು. ಹಂಚು ಒಂದಕ್ಕೆ ಎರಡೂವರೆ ಕೆಜಿ ಆಸುಪಾಸು. ನಾಲ್ಕು ಸಾವಿರ ಹೇರಿದರೆ ಹತ್ತು ಟನ್ನು. ಈ ಹತ್ತು ಟನ್ನನ್ನು ಕಡಲ ಮಟ್ಟದಿಂದ ಎತ್ತಿ, ಸುಮಾರು 900 ಮೀಟರ್ ಎತ್ತರದಲ್ಲಿರುವ ನಮ್ಮೂರ ಕಡೆ ತಂದು ಇಳಿಸಬೇಕು. ನಡುವೆ ಶಿರಾಡಿ ಘಾಟಿ.

ಮೊದಮೊದಲು ಬೆಳಿಗ್ಗೆ ರೇಡಿಯೇಟರಿಗೆ ಒಂದು ಚೊಂಬು ನೀರು ಹಿಡಿಯುತ್ತಿತ್ತು. ಕ್ಲೀನರ್ ಹುಡುಗ ಅದನ್ನು ತುಳಸಿಗೆ ನೀರು ಹಾಕುವಷ್ಟೇ ಸಹಜವಾಗಿ ಹಾಕಿ ಸುಮ್ಮನಾಗುತ್ತಿದ್ದ. ದೀಪಾವಳಿಯ ಹೊತ್ತಿಗೆ ಚೊಂಬು ಎರಡಾಯಿತು. ಸಂಕ್ರಾಂತಿಗೆ ಅರ್ಧ ಬಿಂದಿಗೆ. ಲಾರಿಯ ಅಡಿ ಬಗ್ಗಿ ನೋಡಿದರೆ ನೆಲ ಒಣಗಿ ಬಿರಿದಿದೆ. ಪೈಪು ಮುಟ್ಟಿದರೆ ಒಣ. ಸೋರದೆ, ಸುರಿಯದೆ ದಿನಕ್ಕೆ ಅರ್ಧ ಬಿಂದಿಗೆ ನೀರು ಮಾಯವಾಗುವುದೆಂದರೆ ಏನು? ಡ್ರೈವರುಗಳ ಭಾಷೆಯಲ್ಲಿ ಇದಕ್ಕೊಂದು ಮಾತಿದೆ: "ಗಾಡಿ ನೀರು ಕುಡೀತಿದೆ." ಕುಡಿಯುವುದೆಂದರೆ ಕುಡಿಯುವುದೇ, ಎಲ್ಲಿ, ಯಾವಾಗ, ಯಾರ ಜೊತೆ ಎಂದು ಮನೆಯವರಿಗೆ ತಿಳಿಯದಂತೆ.

ಇದರ ಜೊತೆಗೆ ಮುಳ್ಳಿನ ಕಾಟ ಶುರುವಾಯಿತು. ಸ್ಟೀರಿಂಗಿನ ಮುಂದೆ, ಡೀಸೆಲ್ ಮೀಟರಿನ ಪಕ್ಕ, ಒಂದು ರೂಪಾಯಿ ಅಗಲದ ಟೆಂಪರೇಚರ್ ಮೀಟರು. ಅದರ ಮುಳ್ಳು ಆರೋಗ್ಯವಂತ ಲಾರಿಯಲ್ಲಿ ನಡುವೆ ಬಂದು ನಿಂತರೆ ಅಲುಗುವುದಿಲ್ಲ. ನಮ್ಮದರಲ್ಲಿ ಅದು ದೇವರು ಮೈಮೇಲೆ ಬಂದವರಂತೆ ಆಡುತ್ತಿತ್ತು. ಹೆಡ್‌ಲೈಟ್ ಹಾಕಿದರೆ ಮೇಲೇರುವುದು, ಆರಿಸಿದರೆ ಇಳಿಯುವುದು. ಹಾರನ್ ಒತ್ತಿದರೆ ಬೆಚ್ಚಿಬೀಳುವುದು. ಹಾರನ್ನಿಗೂ ಇಂಜಿನ್ನಿನ ಬಿಸಿಗೂ ಏನೋ ನಂಟಿದೆ ಎಂದು ಲೆಕ್ಕ ಹಾಕಿದ ಚಿಕ್ಕಪ್ಪ ಒಂದಿಡೀ ತಿಂಗಳು ಹಾರನ್ ಮುಟ್ಟದೆ, ಕಿಟಕಿಯಿಂದ ತಲೆ ಹೊರಗೆ ಹಾಕಿ "ಹೋಯ್" ಎನ್ನುತ್ತ ಲಾರಿ ಓಡಿಸಿದ. ಕರ್ನಾಟಕದ ರಸ್ತೆಗಳಲ್ಲಿ ಹಾರನ್ ಒತ್ತದೆ ಓಡಿದ ಏಕೈಕ ಲಾರಿ ಬಹುಶಃ ನಮ್ಮದೇ.

ಅನಾಹುತ ಆದದ್ದು ಫೆಬ್ರವರಿಯ ಒಂದು ಮಧ್ಯಾಹ್ನ. ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ, ಮದುವೆಗೆಂದು ಪುತ್ತೂರಿಗೆ ಹೋಗಿದ್ದ ನಾನು ಮರುದಿನ ಬಸ್ಸಿನ ದುಡ್ಡು ಉಳಿಸಲು ಲಾರಿಯಲ್ಲೇ ಬರುತ್ತಿದ್ದೆ. ಗುಂಡ್ಯದಲ್ಲಿ ಊಟವಾಯಿತು. ಅಲ್ಲಿಂದ ಏರು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕೆಳಗೆಲ್ಲೋ ಕೆಂಪುಹೊಳೆ. ಎರಡನೇ ಗೇರಿನಲ್ಲಿ ಮನುಷ್ಯ ನಡೆದಷ್ಟು ಮೆಲ್ಲಗೆ ಲಾರಿ ಹತ್ತುತ್ತಿತ್ತು. ಡೀಸೆಲ್ಲಿನಲ್ಲಿರುವ ಶಾಖವೆಂದರೆ ಗೇಣಿ ಜಮೀನಿನ ಬೆಳೆ ಇದ್ದಂತೆ: ಹೆಚ್ಚುಕಡಿಮೆ ಮೂರನೇ ಒಂದು ಪಾಲು ಚಕ್ರ ತಿರುಗಿಸುವುದಕ್ಕೆ ಸಿಕ್ಕರೆ, ಒಂದು ಪಾಲು ಸೈಲೆನ್ಸರಿನಲ್ಲಿ ಹೊಗೆಯೊಂದಿಗೆ ಹೋಗುತ್ತದೆ, ಉಳಿದದ್ದರಲ್ಲಿ ಬಹುಪಾಲು ನೀರಿನ ತಲೆಗೆ. ಬಯಲಲ್ಲಾದರೆ ಎದುರುಗಾಳಿ ರೇಡಿಯೇಟರಿಗೆ ಬೀಸಣಿಗೆ ಹಾಕುತ್ತದೆ. ಘಾಟಿಯಲ್ಲಿ ದುಡಿಮೆ ಜಾಸ್ತಿ, ಗಾಳಿ ಕಡಿಮೆ. ಮುಳ್ಳು ಮೇಲೇರುತ್ತ ಕೆಂಪು ಗೆರೆಯ ಹತ್ತಿರ ಹೋಯಿತು. ಚಿಕ್ಕಪ್ಪ ಮಂಜುನಾಥನನ್ನು ನೆನೆದ. ಮುಳ್ಳು ಇನ್ನೊಂದಿಷ್ಟು ಏರಿ, ಒಂದು ಕ್ಷಣ ತಡೆದು, ಸರಕ್ಕನೆ ಕೆಳಗಿಳಿದು ತಣ್ಣಗಿನ ಕಡೆ ಮಲಗಿಬಿಟ್ಟಿತು.

"ನೋಡ್ದ್ಯಾ!" ಎಂದ ಚಿಕ್ಕಪ್ಪ. ಅವನ ಮುಖದಲ್ಲಿ ಪ್ರಸಾದ ಸಿಕ್ಕ ಕಳೆ. ನಾನೂ ಕೈ ಮುಗಿದೆ. ಎರಡು ತಿರುವು ದಾಟುವಷ್ಟರಲ್ಲಿ ಬಾನೆಟ್ಟಿನ ಸಂದಿನಿಂದ ಆವಿ ಎದ್ದು ಗಾಜೆಲ್ಲ ಬೆಳ್ಳಗಾಯಿತು. ಒಳಗಿನಿಂದ ಹೋಟೆಲಿನ ಇಡ್ಲಿ ಪಾತ್ರೆಯ ಸದ್ದು.

ಆಮೇಲೆ ತಿಳಿದದ್ದು ಇಷ್ಟು. ಮುಳ್ಳಿಗೆ ಬಿಸಿ ತಿಳಿಸುವುದು ಇಂಜಿನ್ನಿನ ನೀರಿನೊಳಗೆ ಮೂತಿ ಅದ್ದಿಕೊಂಡು ಕೂತಿರುವ ಹೆಬ್ಬೆರಳು ಗಾತ್ರದ ಒಂದು ಹಿತ್ತಾಳೆ ಬಿರಡೆ. ಗ್ಯಾರೇಜಿನಲ್ಲಿ ಅದಕ್ಕೆ ಸೆನ್ಸರ್ ಎನ್ನುತ್ತಾರೆ. ಅದಕ್ಕೆ ಗೊತ್ತಿರುವುದು ತನ್ನ ಮೂತಿಗೆ ತಾಗಿದ್ದು ಮಾತ್ರ. ನೀರು ಅದರ ಮಟ್ಟಕ್ಕಿಂತ ಕೆಳಗಿಳಿದರೆ ಮೂತಿ ಬರೀ ಆವಿಯಲ್ಲಿ, ಗಾಳಿಯಲ್ಲಿ ತೂಗಾಡುತ್ತದೆ. ನೀರು ಶಾಖ ಕೊಡುವಷ್ಟು ಚೆನ್ನಾಗಿ ಗಾಳಿ ಕೊಡುವುದಿಲ್ಲ. ಪಕ್ಕದಲ್ಲಿ ಕಬ್ಬಿಣ ಕಾದು ಸಿಡಿಯುವಂತಿದ್ದರೂ ಅದು ಮೇಲಕ್ಕೆ "ಎಲ್ಲ ತಂಪು" ಎಂದು ವರದಿ ಕಳಿಸುತ್ತದೆ. ಬೆಟ್ಟ ಹತ್ತುವಾಗ ಮುಳ್ಳು ಏರಿದರೆ ಹೆದರಬೇಕು, ನಿಜ; ಏರಿದ ಮುಳ್ಳು ಲೋಡು ಇಳಿಯದೆ, ಇಳಿಜಾರು ಬಾರದೆ ತಾನಾಗಿ ಇಳಿದರೆ ಆ ಕ್ಷಣವೇ ಗಾಡಿ ಪಕ್ಕಕ್ಕೆ ಹಾಕಬೇಕು. ನಾವು ಆ ಹೊತ್ತಿನಲ್ಲಿ ಕೈ ಮುಗಿಯುತ್ತಿದ್ದೆವು.

ಲಾರಿ ನಿಂತಿತು. ಕ್ಲೀನರ್ ಹುಡುಗ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದೆ ಓಡಿಬಂದು ರೇಡಿಯೇಟರ್ ಕ್ಯಾಪಿಗೆ ಕೈ ಹಾಕಿದ. ಚಿಕ್ಕಪ್ಪ ಅವನ ಅಂಗಿ ಹಿಡಿದು ಹಿಂದಕ್ಕೆಳೆದ ರಭಸಕ್ಕೆ ಎರಡು ಗುಂಡಿ ಕಿತ್ತುಬಂದವು. ಆ ಒಂದು ವಿಷಯದಲ್ಲಿ ಚಿಕ್ಕಪ್ಪ ಪಂಡಿತ. ಅವನ ಬಲ ಮುಂಗೈ ಮೇಲೆ ಅಂಗೈ ಅಗಲದ ನುಣುಪು ಚರ್ಮ ಇದೆ, ಕೂದಲಿಲ್ಲದ್ದು. ಬಿಸಿ ಕ್ಯಾಪು ತೆಗೆದ ದಿನದ ರಸೀದಿ. ಮುಚ್ಚಿದ ನೀರು ನೂರು ಡಿಗ್ರಿ ದಾಟಿದರೂ ಒತ್ತಡದಲ್ಲಿ ನೀರಾಗಿಯೇ ಇರುತ್ತದೆ. ಕ್ಯಾಪು ತೆಗೆದೊಡನೆ ಒಟ್ಟಿಗೇ ಕುದಿದು ಮುಖಕ್ಕೆ ಹಾರುತ್ತದೆ. ಕಾದ ಇಂಜಿನ್ನಿಗೆ ಹೊಳೆಯ ತಣ್ಣೀರು ಸುರಿದರೆ ಹೆಡ್ಡು ಬಿರಿಯುತ್ತದೆ ಎಂಬುದೂ ಅವನಿಗೆ ಗೊತ್ತಿತ್ತು. ಆದ್ದರಿಂದ ಗಂಟೆಗಟ್ಟಲೆ ಮರದ ಕೆಳಗೆ ಕೂರುವುದೇ ಚಿಕಿತ್ಸೆ.

ಘಾಟಿಯಲ್ಲಿ ಬಾನೆಟ್ ಎತ್ತಿ ನಿಂತ ಲಾರಿಯೆಂದರೆ ಸೂತಕದ ಮನೆಯಿದ್ದಂತೆ, ಹಾದುಹೋಗುವವರೆಲ್ಲ ಇಳಿದು ಬಂದು ನಾಲ್ಕು ಮಾತಾಡಿ ಹೋಗಬೇಕು. ತಮಿಳುನಾಡಿನ ಡ್ರೈವರೊಬ್ಬ ಹೊಗೆಸೊಪ್ಪು ಹಾಕಿ ಎಂದ. ಹುಬ್ಬಳ್ಳಿ ಕಡೆಯವನು, "ತತ್ತಿ ಒಡದ್ ಹಾಕ್ರಿ, ಬಿಳೇದು ಅಷ್ಟ, ತೂತಿನ್ಯಾಗ ಹೋಗಿ ಗಟ್ಟಿ ಆಕ್ಕೈತಿ" ಎಂದ. ಸರ್ದಾರ್ಜಿಯೊಬ್ಬರು ಮಾತಿಲ್ಲದೆ ತಮ್ಮ ಗಾಡಿಯಿಂದ ಅರಿಸಿನ ಪುಡಿಯ ಪೊಟ್ಟಣ ತಂದು ಕೊಟ್ಟರು. ರೇಡಿಯೇಟರಿನ ಸಣ್ಣ ಸೋರಿಕೆಗೆ ಅರಿಸಿನ ದೇಶದುದ್ದಕ್ಕೂ ನಡೆಯುವ ಮದ್ದು. ನೀರಿನಲ್ಲಿ ಉಬ್ಬಿ ಸಂದುಗಳಿಗೆ ಹೋಗಿ ಕೂರುತ್ತದೆ. ಅದಕ್ಕೆ ಸೋರುವ ಸಂದು ಯಾವುದು, ನೀರು ಹರಿಯಬೇಕಾದ ಸಂದು ಯಾವುದು ಎಂಬ ಭೇದ ಮಾತ್ರ ತಿಳಿಯದು. ಮೂವರ ಮಾತನ್ನೂ ಮೀರಬಾರದೆಂದು ಚಿಕ್ಕಪ್ಪ ಅರಿಸಿನವನ್ನೂ ಹಾಕಿದ, ಗುಂಡ್ಯದಿಂದ ತರಿಸಿದ ಎರಡು ಮೊಟ್ಟೆಯನ್ನೂ ಹಾಕಿದ. ಹೊಗೆಸೊಪ್ಪನ್ನು ತಾನೇ ಬಾಯಿಗೆ ಹಾಕಿಕೊಂಡ.

ಮರುದಿನ ಗ್ಯಾರೇಜಿನಲ್ಲಿ ಮೇಸ್ತ್ರಿ ಕ್ಯಾಪು ತೆಗೆದು ಒಳಗೆ ಬಗ್ಗಿ ನೋಡಿ, ಮೂಸಿ, ನನ್ನ ಕಡೆ ತಿರುಗಿದರು. "ಮೇಷ್ಟ್ರೇ, ಒಗ್ಗರಣೆ ಒಂದು ಬಾಕಿ ಇದೆ."

ಮೇಷ್ಟ್ರಿಗೂ ಮೇಸ್ತ್ರಿಗೂ ಒಂದೆರಡು ಅಕ್ಷರದ ವ್ಯತ್ಯಾಸ. ನಾನು ತಿದ್ದಿದ ಹುಡುಗರಿಗಿಂತ ಅವರು ತಿದ್ದಿದ ಇಂಜಿನ್ನುಗಳು ಹೆಚ್ಚು ನೆಟ್ಟಗೆ ನಡೆದವು ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಅಷ್ಟರಲ್ಲಾಗಲೇ ಊರವರೆಲ್ಲ ರೋಗದ ಹೆಸರು ಹೇಳಿಯಾಗಿತ್ತು: ಹೆಡ್ ಗ್ಯಾಸ್ಕೆಟ್. ಟೀ ಅಂಗಡಿಯವನು, ಪೋಸ್ಟ್‌ಮ್ಯಾನ್, ನಮ್ಮ ಡ್ರಿಲ್ ಮೇಷ್ಟ್ರು, ಯಾರನ್ನು ಕೇಳಿದರೂ ಹೆಡ್ ಗ್ಯಾಸ್ಕೆಟ್. ಕೆಮ್ಮಿದವನಿಗೆಲ್ಲ ಕ್ಷಯ ಎನ್ನುತ್ತಿದ್ದ ಕಾಲದ ಹಾಗೆ. ಹೆಡ್ಡು ಬಿಚ್ಚಿದರೆ ಆಗುವ ಖರ್ಚನ್ನು ಚಿಕ್ಕಪ್ಪ ಬೀಡಿ ಕಟ್ಟಿನ ಕಾಗದದ ಮೇಲೆ ಕೂಡಿ ನನ್ನ ಮುಂದೆ ಹಿಡಿದ. ಜಾಮೀನುದಾರನಿಗೆ ಬೆವರು ಬಂತು.

ಮೇಸ್ತ್ರಿ ಆ ಕಾಗದದ ಕಡೆ ನೋಡಲಿಲ್ಲ. ನಾಟಿ ವೈದ್ಯರ ಹಾಗೆ ಪ್ರಶ್ನೆ ಕೇಳತೊಡಗಿದರು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ ಬಂದು ಹೋಗ್ತದೋ, ಬರ್ತಾನೇ ಇರ್ತದೋ? ಹೊಗೆ ಸಿಹಿ ವಾಸನೆಯೋ? ನೀರು ಕಡಿಮೆ ಆಗೋದು ಓಡಿದಾಗಲೋ, ನಿಂತಾಗಲೋ? ಕೊನೆಯ ಪ್ರಶ್ನೆಗೆ ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಇಷ್ಟು ತಿಂಗಳು ನೀರು ಹೊಯ್ದವರು ಅದನ್ನು ಒಮ್ಮೆಯೂ ಗಮನಿಸಿರಲಿಲ್ಲ. ಆಮೇಲೆ ಆಯಿಲ್ ಅಳೆಯುವ ಕಡ್ಡಿ ಎಳೆದು ಬೆರಳಿಗೆ ಸವರಿ ನೋಡಿದರು. ನೀರು ಆಯಿಲಿಗೆ ಸೇರಿದರೆ ಅದು ಕಡೆದ ಮಜ್ಜಿಗೆಯ ಹಾಗೆ ಬೆಳ್ಳಗಾಗುತ್ತದಂತೆ. ನಮ್ಮದು ಕಾಡಿಗೆಯ ಹಾಗೆ ಕಪ್ಪಗಿತ್ತು. ಅರಿಸಿನದ ಸಾರೆಲ್ಲ ಬಸಿದು, ತೊಳೆದು, ಹೊಸ ನೀರು ತುಂಬಿ, ಕ್ಯಾಪು ಹಾಕದೆ ಇಂಜಿನ್ ಶುರು ಮಾಡಿ ಆ ಬಾಯಿಯನ್ನೇ ನೋಡುತ್ತ ಕೂತರು. ಗ್ಯಾಸ್ಕೆಟ್ ಒಡೆದಿದ್ದರೆ ಸಿಲಿಂಡರಿನ ಹೊಗೆ ನೀರಿಗೆ ನುಗ್ಗಿ ಗುಳುಗುಳು ಗುಳ್ಳೆ ಬರಬೇಕು. ಮೊದಲು ನಾಲ್ಕಾರು ಗುಳ್ಳೆ ಬಂದವು. ಚಿಕ್ಕಪ್ಪ ಕಣ್ಣು ಮುಚ್ಚಿದ. "ಅದು ಒಳಗೆ ಸಿಕ್ಕೊಂಡಿದ್ದ ಗಾಳಿ, ಹೋಗ್ಲಿ ಬಿಡಿ" ಎಂದರು ಮೇಸ್ತ್ರಿ. ಹತ್ತು ನಿಮಿಷದ ಮೇಲೆ ನೀರು ಕಲ್ಯಾಣಿಯ ಹಾಗೆ ಶಾಂತವಾಯಿತು.

ಕಾಯುವಾಗ ಅವರು ಮೂಲೆಯಲ್ಲಿ ಬಿದ್ದಿದ್ದ ಯಾವುದೋ ಇಂಜಿನ್ನಿನ ಲೈನರ್ ತಂದು ತೋರಿಸಿದರು. ಲೈನರೆಂದರೆ ಪಿಸ್ಟನ್ ಓಡಾಡುವ ಕಬ್ಬಿಣದ ಕೊಳವೆ. ಅದರ ಹೊರಮೈಯನ್ನು ನೀರು ಸುತ್ತಿಕೊಂಡಿರುತ್ತದೆ. ಒಂದು ಪಕ್ಕದಲ್ಲಿ ಉದ್ದಕ್ಕೆ ಸಾಸಿವೆ ಗಾತ್ರದ ಕುಳಿಗಳು, ಗೆದ್ದಲು ತಿಂದ ತೊಲೆಯ ಹಾಗೆ. ಒಂದು ಕುಳಿಯಲ್ಲಿ ಬೆಳಕು ಆಚೆಯಿಂದ ಈಚೆಗೆ ಬರುತ್ತಿತ್ತು. ಪಿಸ್ಟನ್ನಿನ ಪೆಟ್ಟಿಗೆ ಲೈನರ್ ಸಣ್ಣಗೆ ನಡುಗುತ್ತದೆ, ನಡುಕಕ್ಕೆ ನೀರಿನಲ್ಲಿ ಕಾಣದಷ್ಟು ಚಿಕ್ಕ ಗುಳ್ಳೆಗಳೆದ್ದು ಅಲ್ಲೇ ಒಡೆಯುತ್ತವೆ, ಪ್ರತಿ ಒಡೆತವೂ ಒಂದು ಉಳಿಪೆಟ್ಟು. ನೀರು ಕಬ್ಬಿಣ ಕೊರೆಯುವ ಬಗೆ ಇದು. ಕೂಲೆಂಟ್ ಎಂಬ ಹಸಿರು ದ್ರವದಲ್ಲಿ ಬೆರೆಸಿರುವ ಮದ್ದು ಕಬ್ಬಿಣದ ಮೇಲೆ ತೆಳು ಪೊರೆ ಕಟ್ಟಿ ಇದನ್ನು ತಡೆಯುತ್ತದೆ. ಬರೀ ನೀರಿಗೆ ಆ ಶಕ್ತಿ ಇಲ್ಲ. ಅದರಲ್ಲೂ ಬಯಲುಸೀಮೆಯ ಬೋರ್‌ವೆಲ್ ನೀರು ಹಾಕಿದರೆ ಬಚ್ಚಲ ಹಂಡೆಯ ಒಳಗೆ ಕಟ್ಟುವಂಥ ಬಿಳಿ ಹಕ್ಕಳೆ ಇಂಜಿನ್ನಿನೊಳಗೂ ಕಟ್ಟುತ್ತದೆ. ಹಕ್ಕಳೆ ಕಟ್ಟಿದ ಹಂಡೆಗೆ ಸೌದೆ ಎಷ್ಟು ಬೇಕೆಂದು ಬಚ್ಚಲೊಲೆ ಉರಿಸಿದವರಿಗೆ ಗೊತ್ತು.

ಥರ್ಮೋಸ್ಟಾಟನ್ನು ನೋಡೋಣವೆಂದು ಅದರ ಮನೆ ಬಿಚ್ಚಿದರೆ, ಮನೆ ಇದೆ, ಒಕ್ಕಲಿಲ್ಲ. ಹಿಂದಿನ ಯಾವನೋ ಮಾಲೀಕ ಕಿತ್ತು ಎಸೆದಿದ್ದ. "ಅದು ಚಳಿದೇಶದೋರಿಗೆ ಮಾಡಿದ್ದು, ನಮಗ್ಯಾಕೆ" ಎಂಬ ವಾದ ನಮ್ಮ ಗ್ಯಾರೇಜುಗಳಲ್ಲಿ ವೇದವಾಕ್ಯ. ಇಂಜಿನ್ ಹದವಾಗಿ ಕಾಯುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ಒಳಗೇ ಸುತ್ತಿಸುವುದು, ಸುಮಾರು 80 ಡಿಗ್ರಿಗೆ ಬಂದಾಗ ಬಾಗಿಲು ತೆಗೆಯುವುದು ಅದರ ಕೆಲಸ. ಒಳಗಿರುವುದು ಮೇಣದ ಒಂದು ಗುಳಿಗೆ. ಮೇಣ ಕರಗಿ ಹಿಗ್ಗಿದರೆ ಬಾಗಿಲು ತೆರೆಯುತ್ತದೆ, ಅಷ್ಟೇ ಯಂತ್ರ. ಬಾಗಿಲು ತೆರೆಯುವಾಗ ಅದು ಒಳಸುತ್ತಿನ ಅಡ್ಡದಾರಿಯನ್ನೂ ಮುಚ್ಚಬೇಕು. ಬಾಗಿಲನ್ನೇ ಕಿತ್ತರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿನ ಮುಖ ನೋಡದೆ ಅಡ್ಡದಾರಿಯಲ್ಲೇ ತಿರುಗುತ್ತಿರುತ್ತದೆ. ತಂಪಾಗಲೆಂದು ಕಿತ್ತದ್ದು ಘಾಟಿಯಲ್ಲಿ ಕಾಯಿಸುತ್ತದೆ.

ಹೊಸ ಥರ್ಮೋಸ್ಟಾಟ್ ತಂದದ್ದಾಯಿತು. ಆದರೆ ಇಷ್ಟರಲ್ಲಿ ಚಿಕ್ಕಪ್ಪನಿಗೆ ಜಗತ್ತಿನ ಯಾವುದರ ಮೇಲೂ ನಂಬಿಕೆ ಉಳಿದಿರಲಿಲ್ಲ. ಹಾಕುವ ಮೊದಲು ಪರೀಕ್ಷೆಯಾಗಬೇಕು ಎಂದ. ಮೇಸ್ತ್ರಿ ನಗುತ್ತ ಸೆನ್ಸರನ್ನೂ ಬಿಚ್ಚಿ ಕೈಗಿಟ್ಟು, "ನೀರಲ್ಲಿ ಕುದಿಸಿ ನೋಡಿ, ಎರಡೂ ಗೊತ್ತಾಗ್ತದೆ" ಎಂದರು. ನಾನು ಶಾಲೆಯ ಪ್ರಯೋಗಶಾಲೆಯಿಂದ ಥರ್ಮಾಮೀಟರು ಮತ್ತು ಕರೆಂಟಿನ ತಡೆ ಅಳೆಯುವ ಮೀಟರು ತಂದೆ. ಅವುಗಳ ಜೊತೆ ಸೈನ್ಸ್ ಮೇಷ್ಟ್ರೂ ಬಂದರು. ಅಮ್ಮ ಬಚ್ಚಲಿಗೆ ಹೋಗಿದ್ದ ಹೊತ್ತು ನೋಡಿ ಅಡಿಗೆಮನೆಯ ಹಾಲು ಕಾಯಿಸುವ ಅಲ್ಯುಮಿನಿಯಂ ಪಾತ್ರೆಯನ್ನು ಚಿಕ್ಕಪ್ಪ ಸ್ಟೌ ಮೇಲಿಟ್ಟ. ಥರ್ಮೋಸ್ಟಾಟನ್ನು ದಾರದಲ್ಲಿ ಕಟ್ಟಿ ಇಳಿಬಿಟ್ಟೆವು, ಸೆನ್ಸರಿನ ಮೂತಿಯನ್ನು ತಂತಿಯಲ್ಲಿ ತೂಗಿಸಿದೆವು.

ನೀರು ಕಾಯುತ್ತ ಬಂದಂತೆ ಮೀಟರಿನಲ್ಲಿ ಸೆನ್ಸರಿನ ಓಮ್ ಲೆಕ್ಕ ನೂರಾರರಿಂದ ಹತ್ತಾರಿಗೆ, ಎಲ್ಲೂ ಎಡವದೆ, ನೆಟ್ಟಗೆ ಇಳಿಯಿತು. ಬಿಸಿ ಏರಿದಷ್ಟೂ ಅದರ ಹಟ ಕಡಿಮೆ. ನಮ್ಮ ಮನೆತನದವರ ಹಾಗಲ್ಲ. ಎಂಬತ್ತು ದಾಟಿದ್ದೇ ಥರ್ಮೋಸ್ಟಾಟಿನ ಬಾಗಿಲು ಕಣ್ಣು ಬಿಡುವ ನಾಯಿಮರಿಯ ಹಾಗೆ ಸಣ್ಣಗೆ ಬಿರಿದು, ನೋಡುತ್ತಿದ್ದಂತೆ ಅಗಲವಾಯಿತು. ಮೂವರೂ ಗಂಡಸರು ಪಾತ್ರೆಯ ಮೇಲೆ ತಲೆ ಹಾಕಿ "ಆಹಾ" ಎಂದೆವು. ನೀರು ತಳಮಳ ಕುದಿಯುತ್ತಿದ್ದರೂ ಥರ್ಮಾಮೀಟರು ಮಾತ್ರ 97ಕ್ಕೆ ನಿಂತುಬಿಟ್ಟಿತು. ಅದೂ ಕೆಟ್ಟಿದೆ ಎಂದ ಚಿಕ್ಕಪ್ಪ. ಸೈನ್ಸ್ ಮೇಷ್ಟ್ರಿಗೆ ಅವತ್ತು ಬಂದ ಹುರುಪು ತರಗತಿಯಲ್ಲಿ ನಾನು ಕಂಡದ್ದಿಲ್ಲ. ಎತ್ತರಕ್ಕೆ ಹೋದ ಹಾಗೆ ಗಾಳಿಯ ಒತ್ತಡ ಕಡಿಮೆ, ಹೆಚ್ಚುಕಡಿಮೆ ಪ್ರತಿ 300 ಮೀಟರಿಗೆ ಒಂದು ಡಿಗ್ರಿ ಮುಂಚೆಯೇ ನೀರು ಕುದಿಯುತ್ತದೆ, ಆದ್ದರಿಂದಲೇ ರೇಡಿಯೇಟರಿಗೆ ಒತ್ತಡದ ಕ್ಯಾಪು, 7 ಪೌಂಡಿನ ಕ್ಯಾಪಾದರೆ ಕುದಿಯುವ ಬಿಂದು ಹತ್ತು ಡಿಗ್ರಿಯಷ್ಟು ಮೇಲೆ ಹೋಗುತ್ತದೆ, ಎಂದು ಹೇಳುತ್ತ ಹೋದರು.

ಹಿಂದೆ ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಪಾತ್ರೆಯನ್ನು ನೋಡಿದಳು, ಒಳಗೆ ತೇಲುತ್ತಿದ್ದ ಹಸಿರು ಜಿಡ್ಡನ್ನು ನೋಡಿದಳು. ಆಶ್ಚರ್ಯವೆಂದರೆ ಮೊದಲು ಕೇಳಿದ್ದು ಪಾತ್ರೆಯ ವಿಷಯವಲ್ಲ.

"ಅಂದ್ರೆ ಕುಕ್ಕರ್ ಇದ್ದಂಗೆ ಅನ್ನಿ."

"ಹೌದಮ್ಮ, ಹಂಗೇ" ಎಂದರು ಸೈನ್ಸ್ ಮೇಷ್ಟ್ರು.

"ಕುಕ್ಕರಿನ ರಬ್ಬರು ಸಡ್ಲ ಆಗಿದ್ರೆ ವಿಶಲ್ ಬರಲ್ಲ, ಸುತ್ತ ನೀರು ಉಕ್ಕಿ ತಳ ಹಿಡೀತದೆ. ಅದರ ರಬ್ಬರು ನೋಡಿದ್ರಾ?"

ಯಾರೂ ನೋಡಿರಲಿಲ್ಲ. ಊರೆಲ್ಲ ಸೇರಿ ಹೆಡ್ ಗ್ಯಾಸ್ಕೆಟ್ ಎಂದು ಬಾಯಿ ಬಡಿದುಕೊಂಡಿತ್ತು, ಇರುವ ಇನ್ನೊಂದು ಗ್ಯಾಸ್ಕೆಟ್ಟಿನ ನೆನಪು ಯಾರಿಗೂ ಬಂದಿರಲಿಲ್ಲ. ಕ್ಯಾಪು ತಿರುಗಿಸಿ ನೋಡಿದರೆ ಅದರ ರಬ್ಬರು ಹಳೇ ನಿಪ್ಪಟ್ಟಿನ ಹಾಗೆ ಗಟ್ಟಿಯಾಗಿ ಮೂರು ಕಡೆ ಸೀಳಿತ್ತು. ಘಾಟಿ ಹತ್ತುವಾಗಲೆಲ್ಲ ನೀರು ಆ ಸೀಳಿನಿಂದ ಓವರ್‌ಫ್ಲೋ ಪೈಪಿಗೆ ನುಗ್ಗಿ, ರಸ್ತೆಗೆ ಸುರಿದು, ನಾವು ಬಗ್ಗಿ ನೋಡುವಷ್ಟರಲ್ಲಿ ಮೈಲಿಗಟ್ಟಲೆ ಹಿಂದೆ ಆವಿಯಾಗಿರುತ್ತಿತ್ತು. ಸಿಗರೇಟು ಪ್ಯಾಕಿನ ಬೆಲೆಯ ಕ್ಯಾಪು ನಮಗೆಲ್ಲ ಟೋಪಿ ಹಾಕಿತ್ತು.

ಕ್ಯಾಪು ಬದಲಾಯಿಸಿ, ಕೂಲೆಂಟ್ ತುಂಬಿದ ಮೇಲೆ ಅರ್ಧ ಬಿಂದಿಗೆ ಒಂದು ಚೊಂಬಿಗೆ ಇಳಿಯಿತು. ಪೂರ್ತಿ ನಿಲ್ಲಲಿಲ್ಲ. ಓಡಿದಾಗಲೋ ನಿಂತಾಗಲೋ ಎಂಬ ಮೇಸ್ತ್ರಿಯ ಪ್ರಶ್ನೆ ನೆನಪಿಟ್ಟುಕೊಂಡಿದ್ದವನು ಕ್ಲೀನರ್ ಹುಡುಗ. ಒಂದು ರಾತ್ರಿ ಲಾರಿ ನಿಲ್ಲಿಸಿದ ಮೇಲೆ ಇಂಜಿನ್ನಿನ ಅಡಿಯಲ್ಲಿ ಹಳೇ ಪೇಪರ್ ಹಾಸಿ, ಮೇಲೆ ಕಲ್ಲಿಟ್ಟು ಮಲಗಿದ. ಬೆಳಗಿನ ಚಳಿಯಲ್ಲಿ ಎತ್ತಿ ತಂದ. ವಧು ಬೇಕಾಗಿದೆ ಕಾಲಮ್ಮಿನ ಮೇಲೆ, ಸರ್ಕಾರಿ ನೌಕರಿಯ, ಸ್ವಂತ ಮನೆಯ ಒಬ್ಬ ವರನ ಮೇಲೆ ಸರಿಯಾಗಿ, ನಾಲ್ಕಾಣೆ ಅಗಲದ ಹಸಿರು ಕಲೆ. ಅದರ ನೇರಕ್ಕೆ ಮೇಲೆ ವಾಟರ್ ಪಂಪು. ಪಂಪಿನ ಹೊಟ್ಟೆಯ ಕೆಳಗೆ ಬೇಕೆಂದೇ ಬಿಟ್ಟಿರುವ ಒಂದು ಕಿರುತೂತು ಇರುತ್ತದೆ. ಒಳಗಿನ ಸೀಲು ಸವೆದರೆ ನೀರು ಬೇರಿಂಗಿಗೆ ನುಗ್ಗದೆ ಅಲ್ಲಿಂದ ಹನಿಯುತ್ತದೆ. ತೂತಿನ ಬಾಯಲ್ಲಿ ಹಸಿರು ಮಿಶ್ರಿತ ಬಿಳಿ ಉಪ್ಪು ಕಟ್ಟಿತ್ತು. ತಣ್ಣಗಾದಾಗ ರಬ್ಬರು ಕುಗ್ಗಿ ಹನಿ ಬಿಡುವುದು, ಬಿಸಿಯಾದರೆ ಹಿಗ್ಗಿ ಬಾಯಿ ಮುಚ್ಚುವುದು. ಹಗಲು ನೋಡಿದವರಿಗೆ ಕಾಣುವುದೆಲ್ಲಿಂದ? ಚಿಕ್ಕಪ್ಪ ಆ ತೂತಿಗೆ ಏನಾದರೂ ಮೆತ್ತಿ ಮುಚ್ಚಿಬಿಡೋಣ ಎಂದ. "ಗೌಡ್ರೇ, ಕಷ್ಟ ಹೇಳ್ಕೊಳೋಕೆ ಅದಕ್ಕಿರೋದು ಅದೊಂದೇ ಬಾಯಿ" ಎಂದರು ಮೇಸ್ತ್ರಿ. ಹೊಸ ಸೀಲು ಬಿತ್ತು. ನೀರು ನಿಂತಿತು.

ಆದರೂ ಮುಳ್ಳು ಕುಣಿಯುತ್ತಿತ್ತು. ಬೀಳುವ ಚಾಳಿ ಬಿಟ್ಟಿತ್ತು, ಬೆಚ್ಚುವುದನ್ನು ಬಿಟ್ಟಿರಲಿಲ್ಲ. ಮೇಸ್ತ್ರಿ ಸೆನ್ಸರಿನ ವಯರ್ ಕಿತ್ತರು: ಮುಳ್ಳು ಪೂರಾ ತಣ್ಣಗೆ. ಅದೇ ವಯರನ್ನು ಇಂಜಿನ್ನಿಗೆ ಒಂದು ಗಳಿಗೆ ತಾಗಿಸಿದರು: ಮುಳ್ಳು ಪೂರಾ ಬಿಸಿಗೆ. ಹಾಗಾದರೆ ಮೀಟರು ಸರಿ, ವಯರು ಸರಿ, ಸೆನ್ಸರಿನ ಪರೀಕ್ಷೆ ಅಮ್ಮನ ಪಾತ್ರೆಯಲ್ಲೇ ಆಗಿದೆ. ಪಕ್ಕದ ಡೀಸೆಲ್ ಮುಳ್ಳು ಹಾರನ್ನಿಗೆ ಜಗ್ಗುವುದಿಲ್ಲ. ಮೇಸ್ತ್ರಿ ಲಾರಿಯ ಅಡಿಗೆ ತೂರಿಕೊಂಡು ಅಲ್ಲಿಂದಲೇ ಕೂಗಿದರು: "ಮೇಷ್ಟ್ರೇ, ಇದಕ್ಕೆ ಅರ್ಥ ಇಲ್ಲ!"

ಕನ್ನಡ ಮೇಷ್ಟ್ರಿಗೆ ಇಂಥ ಮಾತು ಕೇಳಿ ಅಭ್ಯಾಸವಿದೆ. ಮಕ್ಕಳು ಹಳಗನ್ನಡ ಪದ್ಯದ ಬಗ್ಗೆ ದಿನಾ ಹೇಳುತ್ತಿದ್ದರು. ಮೇಸ್ತ್ರಿ ಹೇಳಿದ್ದು ಕರೆಂಟಿನ ಅರ್ಥ್. ಇಂಜಿನ್ನಿಗೂ ಚಾಸಿಗೂ ನಡುವೆ ಹೆಣೆದ ತಾಮ್ರದ ಪಟ್ಟಿಯೊಂದು ಇರಬೇಕು. ನಮ್ಮದು ತುಕ್ಕು ಹಿಡಿದು, ಎಳೆ ಎಳೆಯಾಗಿ ಹರಿದು, ನಾಲ್ಕೈದು ಎಳೆಯಲ್ಲಿ ನೇತಾಡುತ್ತಿತ್ತು. ಹೆಡ್‌ಲೈಟಿನ, ಹಾರನ್ನಿನ ಕರೆಂಟೆಲ್ಲ ಡೈನಮೋಗೆ ವಾಪಸು ಹೋಗುವುದು ಆ ದಾರಿಯಲ್ಲೇ. ದಾರಿ ಇಕ್ಕಟ್ಟಾದಾಗ ಆದ ನೂಕುನುಗ್ಗಲಿನಲ್ಲಿ ಸೆನ್ಸರಿನ ಪಾಪದ ಲೆಕ್ಕ ಏರುಪೇರಾಗುತ್ತಿತ್ತು. ಪಟ್ಟಿ ಬದಲಾಯಿಸಿ, ಕೂರುವ ಜಾಗವನ್ನು ಮರಳುಕಾಗದದಲ್ಲಿ ಉಜ್ಜಿ ಬೋಲ್ಟ್ ಬಿಗಿದರು. ಚಿಕ್ಕಪ್ಪ ಏರಿ ಕೂತು, ತಿಂಗಳುಗಟ್ಟಲೆ ಕಟ್ಟಿಕೊಂಡಿದ್ದನ್ನೆಲ್ಲ ಸೇರಿಸಿ ಹಾರನ್ ಒತ್ತಿದ. ಗ್ಯಾರೇಜಿನ ಎದುರಿನ ಆಸ್ಪತ್ರೆಯಿಂದ ನರ್ಸಮ್ಮ ಹೊರಗೆ ಬಂದು ಬೈದರು. ಮುಳ್ಳು ಅಲುಗಲಿಲ್ಲ.

ಈಗಿನ ಲಾರಿಗಳಿಗೆ ಇಷ್ಟೆಲ್ಲ ಬೇಡ. 2020ರಲ್ಲಿ ಬಂದ ಬಿಎಸ್-6 ಲಾರಿಯೊಂದನ್ನು ಚಿಕ್ಕಪ್ಪನ ಅಳಿಯ ಓಡಿಸುತ್ತಾನೆ. ನೀರು ಇಳಿದರೆ ದೀಪ ಹತ್ತುತ್ತದೆ, ಬಿಸಿ ಮಿತಿಮೀರಿದರೆ ಕಂಪ್ಯೂಟರ್ ತಾನೇ ಇಂಜಿನ್ನಿನ ಬಲ ತಗ್ಗಿಸುತ್ತದೆ. ಹಾಗಂತ ನೀರು ಕುಡಿಯುವುದು ನಿಂತಿಲ್ಲ. ಹೊಗೆಯನ್ನು ತಣಿಸಿ ಮರಳಿ ಇಂಜಿನ್ನಿಗೆ ಕಳಿಸುವ ಇಜಿಆರ್ ಕೂಲರ್ ಒಳಗೇ ಬಿರಿದರೆ ನೀರು ಸೈಲೆನ್ಸರಿನಲ್ಲಿ ಆವಿಯಾಗಿ ಹೋಗುತ್ತದೆ, ಪೇಪರ್ ಹಾಸಿದರೆ ಹನಿ ಬೀಳುವುದಿಲ್ಲ. ಅಳಿಯ ಫೋನ್ ಮಾಡಿ ಕೇಳಿದಾಗಲೆಲ್ಲ ಚಿಕ್ಕಪ್ಪ ಒಂದೇ ಮಾತು ಹೇಳುತ್ತಾನೆ: "ಮೊದ್ಲು ಕ್ಯಾಪ್ ನೋಡು."

ಇನ್ನು ಅಮ್ಮನ ಪಾತ್ರೆ. ಅದನ್ನು ಹುಣಿಸೆಹಣ್ಣು ಹಾಕಿ ತಿಕ್ಕಿ ತೊಳೆದು ಒಳಗಿಡಲು ಹೋದಾಗ ಮೇಸ್ತ್ರಿಯೇ ತಡೆದಿದ್ದರು. ಕೂಲೆಂಟ್ ನಾಲಗೆಗೆ ಸಿಹಿ, ಹೊಟ್ಟೆಗೆ ವಿಷ. ಚೆಲ್ಲಿದ್ದನ್ನು ನೆಕ್ಕಿ ನಾಯಿಗಳು ಸತ್ತದ್ದನ್ನು ಅವರು ಕಂಡಿದ್ದರು. ಹಾಗಾಗಿ ಪಾತ್ರೆ ಲಾರಿಗೆ ಸೇರಿತು. ಕ್ಯಾಬಿನ್ನಿನ ಹಿಂದೆ ನೀರಿನ ಕ್ಯಾನಿನ ಪಕ್ಕ ತಂತಿಯಲ್ಲಿ ನೇತಾಡುತ್ತ, ಘಾಟಿಯ ಪ್ರತಿ ತಿರುವಿನಲ್ಲೂ ಠಣ್ ಎನ್ನುತ್ತ, ರೇಡಿಯೇಟರಿಗೆ ನೀರು ಹೊಯ್ಯುತ್ತ ಆರು ವರ್ಷ ದುಡಿಯಿತು. ಲಾರಿಯನ್ನು ಅರಸೀಕೆರೆಯವರೊಬ್ಬರಿಗೆ ಮಾರಿದ ದಿನ ಸಾಲ ತೀರಿಸಿದ ರಸೀದಿ ಹಿಡಿದು ನಾನು ಮನೆಗೆ ಬಂದೆ. ಕೊನೆಗೂ ಜಾಮೀನಿನಿಂದ ಬಿಡುಗಡೆಯಾಯಿತು ಎಂದೆ. ಅಮ್ಮ ಒಲೆಯ ಮುಂದಿನಿಂದ ತಲೆ ಎತ್ತಲಿಲ್ಲ.

"ಲಾರಿ ಹೋದ್ರೆ ಹೋಗ್ಲಿ. ಪಾತ್ರೆ ಬಿಚ್ಕೊಂಡ್ರಾ?"

ಚಿಕ್ಕಪ್ಪ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಅಷ್ಟು ಹೊತ್ತಿಗೆ ಅದು ಹಾಸನ ದಾಟಿರಬೇಕು.